ಪಾಚಿ ತೋಟದವಳು

ಬೋಟಿನವನು ಜೆಟ್ಟಿಗೆ ಕಾಲಿಡುವಷ್ಟರಲ್ಲಿ ಅವಳು ಎದುರು ನಿಂತಿದ್ದಳು. ಸೊಂಟದವರೆಗೆ ಒದ್ದೆ, ಕೈಯಲ್ಲಿ ತುಂಡಾದ ಹಗ್ಗ, ಮೂಗಿನ ತುದಿಯಲ್ಲಿ ಕೋಪ.

"ಏನ್ರೀ, ಕಣ್ಣು ಮನೇಲಿ ಬಿಟ್ಟು ಬೋಟ್ ಓಡಿಸ್ತೀರಾ?"

ಬೆಳಗಿನ ಟ್ರಿಪ್‌ನಲ್ಲಿ ನೀರಿನಡಿ ತಿರುಗುವ ಬೋಟಿನ ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. ಅವನು ಹಿಂದುಮುಂದು ನೋಡದೆ ಕತ್ತರಿಸಿ ಎಸೆದಿದ್ದ.

"ಯಾರೋ ಬಿಸಾಕಿದ ಬಲೆ ಅನ್ಕೊಂಡೆ..."

"ಅದು ನನ್ನ ತೋಟ!"

ದ್ವೀಪದವರು ಅವಳನ್ನು 'ಪಾಚಿ ಮೇಡಂ' ಎಂದು ಆಡಿಕೊಳ್ಳುತ್ತಿದ್ದರು. ಬಲೆ ಹೆಣೆಯುವವರ ಮಗಳು; ಆಚೆ ದಡದ ಪಟ್ಟಣದಲ್ಲಿ ಓದಿ ಬಂದು, ಹಗ್ಗಕ್ಕೆ ಕಡಲಪಾಚಿಯ ಸಣ್ಣ ಸಣ್ಣ ಕುಡಿ ಕಟ್ಟಿ ನೀರಿನಲ್ಲಿ ಬೆಳೆಸುತ್ತಿದ್ದಳು. ಒಣಗಿಸಿದರೆ ಸೋಪು, ಗೊಬ್ಬರ ಮಾಡುವವರು ಕೊಳ್ಳುತ್ತಾರಂತೆ. ಮೀನನ್ನೇ ನಂಬಿದ ಊರಿಗೆ ಅದು ಹುಚ್ಚಾಟ. ಆದರೆ ಮೀನು ಕೈಕೊಟ್ಟು ವರ್ಷಗಳಾಗಿದ್ದವು. ಅದು ಬೋಟಿನವನಿಗೆ ಗೊತ್ತಿಲ್ಲದ್ದೇನಲ್ಲ. ಗಂಟುಮೂಟೆ ಕಟ್ಟಿ ಊರು ಬಿಡುವ ಸಂಸಾರಗಳನ್ನು ದಾಟಿಸುತ್ತಿದ್ದವನು ಅವನೇ.

"ತಪ್ಪಾಯ್ತು. ನಾನೇ ಮತ್ತೆ ಕಟ್ಟಿಕೊಡ್ತೀನಿ."

"ನೀವಾ? ಬರುತ್ತಾ?"

"ಬೋಟ್ ಕಟ್ಟಿಹಾಕೋ ಕೈ ಇದು. ಪಾಚಿ ಕಟ್ಟೋಕೆ ಬರಲ್ವಾ?"

ಬರಲಿಲ್ಲ. ಅವನ ಗಂಟಿಗೆ ಪಾಚಿಯ ಕುತ್ತಿಗೆಯೇ ಮುರಿಯುತ್ತಿತ್ತು.

"ಮೆಲ್ಲಗೆ ರೀ! ಮಗು ಜಡೆಗೆ ರಿಬ್ಬನ್ ಕಟ್ಟೋ ಹಾಗೆ," ಎಂದು ಅವಳು ಅವನ ಬೆರಳು ಹಿಡಿದು ತಿದ್ದಿದಳು. ಅವನು ಬೇಕೆಂದೇ ಮತ್ತೆ ತಪ್ಪು ಮಾಡಿದ. ಅವಳಿಗೂ ತಿಳಿಯಿತು. ತುಟಿ ಕಚ್ಚಿ ನಗು ತಡೆದಳು. ಕಣ್ಣಿನ ನಗು ತಡೆಯಲಾಗದೆ ಅತ್ತ ತಿರುಗಿದಳು.

ಅಂದಿನಿಂದ ದಿನಾ ಮೊದಲ ಟ್ರಿಪ್‌ಗೆ ಮುಂಚೆ ಅವನು ನೀರಿನಲ್ಲಿ ಹಾಜರು. "ಮೀನು ಹಿಡಿಯೋ ಮನೇಲಿ ಹುಟ್ಟಿ ಹುಲ್ಲು ಕೊಯ್ಯೋಕೆ ಹೊರಟೆಯಲ್ಲೋ!" ಎಂದು ಅವನ ಅಮ್ಮ ಬೈದರು. ಆಮೇಲೆ ಒಂದು ದಿನ ಅಕ್ಕಪಕ್ಕದ ಹೆಂಗಸರನ್ನೂ ಕರೆದುಕೊಂಡು ಬಂದು ತಾವೇ ಪಾಚಿ ಒಣಗಿಸಲು ಕೂತರು. "ಮನೇಲಿ ಕೂತು ಕೂತು ಬೇಜಾರಾಗಿತ್ತು ಕಣೇ," ಎಂದು ಅವಳಿಗೆ ಹೇಳಿದರೂ ಕಣ್ಣು ಮಗನ ಮುಖದ ಮೇಲಿತ್ತು.

ಬೆಳೆ ನೋಡಲು ಸೋಪಿನ ಕಂಪನಿಯವರು ಬಂದರು. ಪಾಚಿಗಿಂತ ಹೆಚ್ಚಾಗಿ ಅವಳನ್ನು ಮೆಚ್ಚಿದರು. ಪಟ್ಟಣದ ಲ್ಯಾಬಿನಲ್ಲಿ ಕೆಲಸ, ಇರಲು ಮನೆ ಕೊಡುತ್ತೇವೆಂದರು. ಸುದ್ದಿ ಬೋಟಿನವನ ಕಿವಿಗೂ ಬಿತ್ತು.

ಮರುದಿನ ಅವಳು ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಅವನು ಕೈ ಕೊಟ್ಟು ಬೋಟಿಗೆ ಹತ್ತಿಸಿಕೊಂಡ. ಕೈ ಬಿಡುವುದನ್ನು ಮರೆತ.

"ಏನೂ ಹೇಳಲ್ವಾ?"

"ಒಳ್ಳೆ ಅವಕಾಶ. ಹೋಗಿ."

"ಅಷ್ಟೇನಾ?" ಅವಳ ದನಿ ಸಣ್ಣದಾಯಿತು.

ಅವನು ನೀರಿನತ್ತ ನೋಡಿದ. "ನಿಮ್ಮನ್ನ ನೋಡ್ದೆ ನಂಗೆ ಬೆಳಗೇ ಆಗಲ್ಲ. ಪ್ರೀತಿ ಅಂತಾರಲ್ಲ, ಅದೇ ಇರ್ಬೇಕು. ಹಾಗಂತ ನಿಮ್ಮ ದಾರಿಗೆ ಅಡ್ಡ ನಿಲ್ಲೋಕೆ ಮನಸ್ಸಿಲ್ಲ."

ಅವಳ ಕಣ್ಣು ತುಂಬಿಬಂತು.

"ಲ್ಯಾಬ್ ಕೆಲಸ ಬೇಡ ಅಂತ ನಿನ್ನೇನೇ ಹೇಳಾಯ್ತು. ಶೆಡ್ಡು, ಸೋಪ್ ಮಾಡೋದು ಎಲ್ಲಾ ನಮ್ಮ ದ್ವೀಪದಲ್ಲೇ ಆಗ್ಲಿ, ಇಲ್ಲಿನ ಹೆಂಗಸರಿಗೇ ಕೆಲಸ ಸಿಗ್ಲಿ ಅಂದೆ. ಕಂಪನಿಯವ್ರು ಮೊದಲು ಒಪ್ಪಲಿಲ್ಲ. ಆಮೇಲೆ, ಒಂದು ವರ್ಷ ನೋಡೋಣ ಅಂದ್ರು. ಮಾತು ಪಕ್ಕಾ ಮಾಡ್ಕೊಂಡು ಸಾಯಂಕಾಲ ವಾಪಸ್ ಬರ್ತೀನಿ."

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಾಯಿ ಬಿಡ್ತಿದ್ರಾ?"

ಹಿಂದಿನ ಸೀಟಿನಿಂದ ಅಜ್ಜಿಯೊಬ್ಬರು ಕೂಗಿದರು: "ಏನಪ್ಪಾ, ಬೋಟ್ ಹೊರಡುತ್ತೋ, ಇಲ್ಲಾ ಮದುವೆ ಮುಗಿಸ್ಕೊಂಡೇ ಹೋಗೋದೋ?"

ಬೋಟಿಗೆ ಬೋಟೇ ನಕ್ಕಿತು. ಅವನ ಕಿವಿ ಕೆಂಪಾಯಿತು. ಅವಳು ಹತ್ತಿರ ಬಾಗಿ ಪಿಸುಗುಟ್ಟಿದಳು:

"ಸಾಯಂಕಾಲ ಮನೆಗೆ ಬಂದು ಅಪ್ಪನ ಹತ್ರ ಮಾತಾಡಿ."

"ಏನಂತ ಮಾತಾಡ್ಲಿ?"

"ಈಗ ಹೇಳಿದ್ರಲ್ಲ, ಅದನ್ನೇ. ಸ್ವಲ್ಪ ಜೋರಾಗಿ ಹೇಳಿ, ಅಪ್ಪನಿಗೆ ಕಿವಿ ಮಂದ."