ಬಾಡಿಗೆ ಕಾರಿನ ಕಪ್ಪು ಮರಳು

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 10.20. ಕತಾನಿಯಾ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಬಂದ ಹೆಂಗಸು, ಇನ್ಸ್‌ಪೆಕ್ಟರ್ ನೂನ್ಸಿಯಾ ಲಗಾನಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೊದಲು ಇದನ್ನ ಓದಿ. ಆಮೇಲೆ ಕೂರ್ತೀನಿ," ಎಂದು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು.

ಹೆಸರು ಪಿಯೆರಾ ಅಲ್ಲಾಸಿಯಾ, ವಯಸ್ಸು 57, ದೇಶದ ಉತ್ತರ ತುದಿಯ ಕೂನಿಯೊ ಪುರಸಭೆಯ ಶಾಲಾ ಬಸ್ಸಿನ ಚಾಲಕಿ. ಸಿರಾಕೂಸಾದಲ್ಲಿ ಮಗಳ ಬಾಣಂತನ ಮಾಡಲು ಬಂದವರು ವಿಮಾನ ನಿಲ್ದಾಣದಲ್ಲೇ ಲುಚಿವಿಯಾ ಎಂಬ ಕಂಪನಿಯಿಂದ ಕಾರು ಬಾಡಿಗೆಗೆ ಪಡೆದಿದ್ದರು. 9ನೇ ತಾರೀಕು ಗುರುವಾರ ಬೆಳಿಗ್ಗೆ 5.50ಕ್ಕೆ ಕಾರನ್ನು ಹಿಂತಿರುಗಿಸಿ, 7.35ರ ವಿಮಾನ ಹತ್ತಿದ್ದರು.

ಮೊದಲ ಹಾಳೆ ಬಿಲ್ಲು. ಬಾನೆಟ್ ಮೇಲಿನ ಗೀರುಗಳಿಗೆ 1,140 ಯೂರೋ, ಕಡಲತೀರದ ಮರಳು ತೆಗೆದದ್ದಕ್ಕೆ 90. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಪುರಸಭೆ ನೌಕರರ ರಿಯಾಯಿತಿಯಲ್ಲಿ ಕಾರು ಪಡೆದಿದ್ದರಿಂದ ಕಂಪನಿ ಪುರಸಭೆಗೂ ಪತ್ರ ಬರೆದಿತ್ತು: ನಿಮ್ಮ ಚಾಲಕಿ ಅಪಘಾತ ಮಾಡಿ, ಅದನ್ನು ಮುಚ್ಚಿಟ್ಟು ಕಾರು ಬಿಟ್ಟುಹೋಗಿದ್ದಾರೆ. ಪುರಸಭೆ ಅವರನ್ನು ಬಸ್ಸಿನಿಂದ ಇಳಿಸಿತ್ತು. 20ನೇ ತಾರೀಕು ಸೋಮವಾರ ವಿಚಾರಣೆ.

"ಇಪ್ಪತ್ತೆಂಟು ವರ್ಷ ಮಕ್ಕಳನ್ನ ಹತ್ತಿಸಿ ಇಳಿಸಿದೀನಿ ಇನ್ಸ್‌ಪೆಕ್ಟರ್. ಹಿಮದಲ್ಲಿ, ಬೆಟ್ಟದ ತಿರುವಲ್ಲಿ. ಒಂದು ಕನ್ನಡಿ ಒಡೆದಿಲ್ಲ. ಈಗ ನಾನು ಸುಳ್ಳಿ! ದುಡ್ಡು ಹಾಳಾಗಿ ಹೋಗ್ಲಿ. ಸೋಮವಾರ ಅವರು ಈ ಪತ್ರಾನ ನಂಬಿದ್ರೆ ಇನ್ನು ಯಾವ ತಾಯೀನೂ ನನ್ನ ಬಸ್ಸಿಗೆ ಮಗು ಹತ್ತಿಸಲ್ಲ."

"ಕಾರು ಒಪ್ಪಿಸೋವಾಗ ಯಾರಿದ್ರು?"

"ಯಾರೂ ಇಲ್ಲ. ಕೌಂಟರ್ ತೆರೆಯೋದೇ ಏಳೂವರೆಗೆ. ಕೀ ಡಬ್ಬದಲ್ಲಿ ಹಾಕಿ ಅಂತ ಬೋರ್ಡಿದೆ, ಹಾಕ್ದೆ."

"ಫೋಟೋ ತೆಗೆದ್ರಾ?"

"ಇಲ್ಲ."

"ವಿಡಿಯೋ?"

"ಇಲ್ಲ ಅಂದ್ನಲ್ಲ!"

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಮೂಸುಮೆಚಿ ತಲೆ ಚಚ್ಚಿಕೊಂಡ. "ಅಯ್ಯೋ ಸಿನ್ಯೋರಾ, ಮದುವೆ ಆಗೋವಾಗ ಸರಿಯಾಗಿ ನೋಡದಿದ್ರೂ ಹೆಂಗೋ ನಡೆಯುತ್ತೆ. ಬಾಡಿಗೆ ಕಾರು ಬಿಡೋವಾಗ ನಾಲ್ಕು ಮೂಲೇನೂ ಫೋಟೋ ತೆಗೀಬೇಕು."

"ಇಲ್ಲಿ ಕಳ್ಳರಿದ್ದಾರೆ ಅಂತ ನಿಮ್ಮೂರವರು ಬೋರ್ಡ್ ಹಾಕಿರಲಿಲ್ಲಪ್ಪ."

"ಬಿಲ್ಲು ಬಂದಿರೋದು ಮಿಲಾನಿಂದ. ಅದು ನಿಮ್ಮ ಕಡೇದೇ."

ಲಗಾನಾ ನಗಲಿಲ್ಲ. ಬಿಲ್ಲಿನ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ಮರಳು ಎಲ್ಲಿಂದ ಬಂತು?"

"ನಾನೂ ಅದನ್ನೇ ಕೇಳ್ತಿರೋದು! ಹನ್ನೊಂದು ದಿನ ಮಗಳ ಮನೆ, ಔಷಧಿ ಅಂಗಡಿ, ಮಗಳ ಮನೆ, ಅಷ್ಟೇ. ಈ ಚಳೀಲಿ ಹಸಿ ಬಾಣಂತೀನ ಬಿಟ್ಟು ಯಾರು ಸಮುದ್ರಕ್ಕೆ ಹೋಗ್ತಾರೆ?"

11.05ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ ಮತ್ತು ಸುಳ್ಳು ದಾಖಲೆ ಸೃಷ್ಟಿ. ಪಿಯೆರಾ ಆಗ ಕೂತರು.

ಮಧ್ಯಾಹ್ನ ಲಗಾನಾ ಮತ್ತು ಮೂಸುಮೆಚಿ ಲುಚಿವಿಯಾದ ಕಾರು ನಿಲುಗಡೆಗೆ ಹೋದರು. ತೆರೆದ ಬಯಲು, ಮೇಲೆ ಒಂದು ತಗಡೂ ಇಲ್ಲ. ವಾಪಸು ಬಂದ ಕಾರುಗಳನ್ನು ಪರೀಕ್ಷಿಸುವವನು ಒರಾಜಿಯೊ ಸ್ಕುದೇರಿ, ವಯಸ್ಸು 54.

"ಆ ಕಾರು ನೋಡಿದ್ದು ಎಷ್ಟು ಹೊತ್ತಿಗೆ?"

"ಒಂಬತ್ತೂಕಾಲು. ಫೋಟೋ ಮೇಲೇ ಟೈಮಿದೆಯಲ್ಲ ಮೇಡಂ."

"ಫೋಟೋ ತೋರ್ಸು."

"ಎಲ್ಲಾ ಮಿಲಾನಿಗೆ ಹೋಗಿದೆ. ಅಲ್ಲೇ ಕೇಳ್ಬೇಕು."

ಮಿಲಾನಿನ ಮುಖ್ಯ ಕಚೇರಿ, ವಕೀಲರ ಮೂಲಕ ಬನ್ನಿ ಎಂದಿತು. ಲಗಾನಾ ನ್ಯಾಯಾಧೀಶರ ಆದೇಶದ ಮೂಲಕ ಹೋದರು. ಬುಧವಾರ ಸಂಜೆ 4ಕ್ಕೆ ಹನ್ನೆರಡು ಫೋಟೋಗಳು ಬಂದವು. ಅವುಗಳಲ್ಲಿ ಪಿಯೆರಾ ಅವರಿಗೆ ಕಳಿಸಿದ್ದು ಒಂದನ್ನು ಮಾತ್ರ. ಎಲ್ಲದರ ಮೇಲೂ 9ನೇ ತಾರೀಕು, 9.15 ಎಂದು ಅಚ್ಚಾಗಿತ್ತು.

ಏಳನೆಯದನ್ನು ನೋಡುತ್ತಿದ್ದ ಮೂಸುಮೆಚಿ ಕೈಯಲ್ಲಿದ್ದ ಕಾಫಿ ಕೆಳಗಿಟ್ಟ. "ಮೇಡಂ, ವೈಪರ್ ಬುಡ ನೋಡಿ. ಇದು ಮರಳಾ?"

ಲಗಾನಾ ಕನ್ನಡಕ ಹಾಕಿಕೊಂಡರು. ಗಾಜಿನ ಕೆಳಗಿನ ಸಂದಿಯ ತುಂಬ ಒರಟು ಕಪ್ಪು ಕಾಳು.

"ಶುಕ್ರವಾರ ಇಡೀ ದಿನ ನಮ್ಮಮ್ಮ ತಾರಸಿಯಿಂದ ಗುಡಿಸಿ ಚೀಲ ತುಂಬಿದ್ದು ಇದನ್ನೇ. ಬೆಟ್ಟದ ಬೂದಿ."

9ನೇ ತಾರೀಕು ಮಧ್ಯಾಹ್ನ 12.20ಕ್ಕೆ ಊರ ಹಿಂದಿನ ಜ್ವಾಲಾಮುಖಿ ಎಟ್ನಾ ಬೂದಿ ಉಗುಳಲು ಶುರುಮಾಡಿ, 1.05ಕ್ಕೆ ರನ್‌ವೇ ಮುಚ್ಚಿತ್ತು. ಊರೆಲ್ಲ ಕೊಡೆ ಹಿಡಿದು ನಡೆದಿತ್ತು. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಬೀಳದ ಬೂದಿ ಫೋಟೋದಲ್ಲಿ ಬರುವುದಿಲ್ಲ.

"ಗೀರು ನೋಡಿ," ಎಂದ ಮೂಸುಮೆಚಿ. "ಕುಡುಗೋಲಿನ ಹಾಗೆ ಬಾಗಿವೆ, ಒಂದರ ಪಕ್ಕ ಒಂದು. ಒಣ ಬೂದಿ ಮೇಲೆ ಪೊರಕೆ ಆಡ್ಸಿದಾರೆ. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮೊದಲು ನೀರು, ಆಮೇಲೆ ಕೈ."

"ಮಿಲಾನಿನವರಿಗೆ ಗೊತ್ತಿಲ್ಲ. ಮರಳು ಅಂದ್ರೆ ಮರಳು." ಲಗಾನಾ ಬಾಡಿಗೆ ಕರಾರಿನ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರು. ಬೂದಿ ಪ್ರಕೃತಿ ವಿಕೋಪ; ಅದರ ಹಾನಿಯನ್ನು ಗಿರಾಕಿಯ ತಲೆಗೆ ಕಟ್ಟುವಂತಿಲ್ಲ. ಅವರ ಮುಖ ಕೆಂಪಾಯಿತು. "ಅದಕ್ಕೇ ಬಿಲ್ಲಲ್ಲಿ ಕಡಲತೀರಕ್ಕೆ ಕಳಿಸಿದ್ದಾರೆ ಆಕೇನ. ಬೂದಿ ಬೀಳೋ ಹೊತ್ತಿಗೆ ಆ ಹೆಂಗಸು ಕೂನಿಯೊದಲ್ಲಿ ಮಕ್ಕಳನ್ನ ಬಸ್ಸಿಗೆ ಹತ್ತಿಸ್ತಿದ್ರು!"

ಮಾರ್ಚ್ 16, ಗುರುವಾರ, ಬೆಳಿಗ್ಗೆ 9.30. ಲುಚಿವಿಯಾದ ನಿಲುಗಡೆಯಲ್ಲಿ ಕಾಫಿ ಬಾರಿನ ಒಡತಿ ಮತ್ತು ಒಬ್ಬ ಟ್ಯಾಕ್ಸಿ ಚಾಲಕ ಪಂಚರಾಗಿ ನಿಂತರು. ವೈಪರ್ ಬುಡದ ಕಾಳು, ಅಲ್ಲಿನ ಪೊರಕೆ, ಸ್ಕುದೇರಿಯ ಟ್ಯಾಬ್ಲೆಟ್, ಫೋನು ಎಲ್ಲವನ್ನೂ ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಟ್ಯಾಬ್ಲೆಟ್ಟಿನ ಮೂಲ ಫೋಟೋಗಳನ್ನು ಬುಧವಾರ ಬೆಳಿಗ್ಗೆ ಅಳಿಸಲಾಗಿತ್ತು. ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಸಮುದ್ರದ ಮರಳು ಉರುಟಾಗಿ ಸವೆದಿರುತ್ತದೆ. ಇದರ ಅಂಚು ಗಾಜಿನ ಚೂರಿನಂತೆ ಚೂಪು, ಇದು ಹೊಸ ಬೂದಿ.

ಅದೇ ದಿನ ಮಧ್ಯಾಹ್ನ 3.10ಕ್ಕೆ ಸ್ಕುದೇರಿಯ ವಿಚಾರಣೆ.

"ಒರಾಜಿಯೊ, ನಿನ್ನ ಮನೆ ಎಲ್ಲಿ?"

"ನಿಕೊಲೋಸಿ."

"ಬೆಟ್ಟದ ಮಡಿಲಲ್ಲೇ ಇದೀಯ. ಇದು ಏನು ಅಂತ ನೀನೇ ಹೇಳು."

ಸ್ಕುದೇರಿ ಮೇಜಿನ ಮೇಲಿದ್ದ, ಕಪ್ಪು ಕಾಳು ತುಂಬಿದ ಗಾಜಿನ ಡಬ್ಬಿಯನ್ನು ನೋಡಿದ, ಮುಟ್ಟಲಿಲ್ಲ. "ಬೂದಿ."

"ಕಾರು ಗುಡಿಸಿದ್ಯಾರು?"

"ನಾನೇ. ನಾಲ್ಕು ಕಾರು. ಫೋಟೋದ ಟೈಮೂ ನಾನೇ ಬದಲಾಯಿಸಿದ್ದು."

"ಅಷ್ಟು ಕಾರುಗಳಲ್ಲಿ ಈ ನಾಲ್ಕು ಜನರ ಕಾರನ್ನೇ ಗುಡಿಸ್ದೆ. ಹೆಂಗೆ ಆರಿಸ್ದೆ?"

"ಫೋಟೋ ತೆಗೆದು ನಮಗೆ ಕಳಿಸದೆ ಹೋದವರನ್ನ. ಕೌಂಟರ್ ತೆರೆಯೋದ್ರೊಳಗೆ ಕೀ ಡಬ್ಬಕ್ಕೆ ಹಾಕಿ ಓಡಿದವರನ್ನ. ಪೂರ್ತಿ ವಿಮೆ ಮಾಡಿಸದವರನ್ನ. ಕಾರು ಬಂದಾಗ ಯಾರಾದ್ರೂ ನೋಡಿ 'ಸರಿಯಿದೆ' ಅಂತ ಬರೆದುಕೊಟ್ಟ ಚೀಟಿ ಇದ್ರೆ ಅವರ ತಂಟೆಗೆ ಹೋಗಬಾರದು. ದೂರದ ಊರವರಾದ್ರೆ ಒಳ್ಳೇದು. ಜಗಳ ಆಡೋಕೆ ಯಾರು ವಾಪಸ್ ಬರ್ತಾರೆ?"

"ಇವರು ಬಂದ್ರಲ್ಲ."

"ಹೂಂ."

"ಮಕ್ಕಳ ಬಸ್ಸು ಓಡಿಸೋ ಹೆಂಗಸಿನ ಮಾನ ತೆಗೆದ್ಯಲ್ಲೋ!"

"ಅದು ನನಗೆ ಗೊತ್ತಿರಲಿಲ್ಲ ಮೇಡಂ. ಆ ಪತ್ರ ಬರೆದಿದ್ದು ಮಿಲಾನಿನವರು. ಆಕೆ ಕಾರಿನೊಳಗೆಲ್ಲ ಗುಡಿಸಿ ಬಿಟ್ಟುಹೋಗಿದ್ರು. ಅಷ್ಟು ಚೊಕ್ಕಟವಾಗಿ ಯಾರೂ ಬಿಡಲ್ಲ."

ಮಾರ್ಚ್ 18, ಶನಿವಾರ, ಬೆಳಿಗ್ಗೆ 11.40ಕ್ಕೆ, ವಂಚನೆ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಒರಾಜಿಯೊ ಸ್ಕುದೇರಿಯನ್ನು ಬಂಧಿಸಲಾಯಿತು. ಮಧ್ಯಾಹ್ನವೇ ಲಗಾನಾ ಕೂನಿಯೊ ಪುರಸಭೆಗೆ ಪ್ರಯೋಗಾಲಯದ ವರದಿ ಸಮೇತ ಪತ್ರ ಕಳಿಸಿದರು. ಸೋಮವಾರದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಮಂಗಳವಾರ ಬೆಳಿಗ್ಗೆ ಪಿಯೆರಾ ಬಸ್ಸು ತೆಗೆದರು. ಉಳಿದ ಮೂವರು ಗಿರಾಕಿಗಳು ತುಟಿ ಬಿಚ್ಚದೆ ಹಣ ಕಟ್ಟಿದ್ದರು. ತಾವು ಏನೂ ಮಾಡಿಲ್ಲ ಎಂಬ ಸುದ್ದಿ ಅವರಿಗೆ ಪೊಲೀಸರಿಂದಲೇ ತಿಳಿಯಿತು.

ಸ್ಕುದೇರಿ ಆ ಬಯಲಿನಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದ. ಮೂರು ತಿಂಗಳಿಗೊಮ್ಮೆ ಅವನ ಕೆಲಸದ ಕರಾರು ನವೀಕರಣವಾಗಬೇಕು. ಈ ಸಲದ್ದು ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. 9ನೇ ತಾರೀಕು ಮಧ್ಯಾಹ್ನ ಅವನ ಫೋನಿಗೆ ಬಂದ ಸಂದೇಶಗಳನ್ನು ಲಗಾನಾ ಕಡತಕ್ಕೆ ಸೇರಿಸಿದರು. ಸಂಜೆ ವಿಮಾನ ಶುರುವಾಗಬಹುದು, ಏಳರೊಳಗೆ ಕಾರುಗಳು ಶುಚಿಯಾಗಿರಲಿ, ಎಂದಿತ್ತು ಮಿಲಾನ್. ನಲ್ಲಿ ನಿಂತಿದೆ, ನೀರಿಲ್ಲದೆ ಮುಟ್ಟಿದರೆ ಬಣ್ಣ ಹೋಗುತ್ತದೆ, ಎಂದು ಅವನು ಎರಡು ಸಲ ಬರೆದಿದ್ದ. ಪೊರಕೆ ಇಲ್ಲವೇ, ಎಂಬ ಉತ್ತರ ಬಂದಿತ್ತು. ಆರೂವರೆಗೆ ಕೊನೆಯದು: ಗೀರುಗಳ ಹೊಣೆ ನಿಮ್ಮದೋ ಗಿರಾಕಿಗಳದ್ದೋ, ರಾತ್ರಿಯೊಳಗೆ ತಿಳಿಸಿ.

ಕಳಿಸಿದವರ ಹೆಸರು ಇರಲಿಲ್ಲ, "ಹಾನಿ ವಸೂಲಿ ವಿಭಾಗ" ಎಂದಷ್ಟೇ ಇತ್ತು. ಲಗಾನಾ ಅದರ ಕೆಳಗೆ ಗೆರೆ ಎಳೆದು, ಅಂದು ಆ ವಿಭಾಗದಲ್ಲಿ ಕೆಲಸದಲ್ಲಿದ್ದ ಪ್ರತಿಯೊಬ್ಬರ ಹೆಸರು ಬೇಕು ಎಂದು ಬರೆದು, ಕಡತವನ್ನು ಮಿಲಾನಿನ ಸರ್ಕಾರಿ ವಕೀಲರಿಗೆ ಕಳಿಸಿದರು.