ಹನ್ನೊಂದನೇ ಹಾಸಿಗೆಯ ಮೊದಲ ಪುಟ

‘ಔಷಧ ಅಲರ್ಜಿ’ ಎಂಬ ಸಾಲಿನಲ್ಲಿ ‘ಇಲ್ಲ’ ಎನ್ನುವ ಚೌಕಕ್ಕೆ ಗುರುತು ಬಿದ್ದಿತ್ತು. ಕೆಳಗೆ ಗುಬ್ಬಿಯ ಸೀಲು. ಸೀಲಿನ ಮೇಲೆ ಎರಡು ಸುತ್ತಿನ ಸಹಿ.

“ಇದು ನಾನು ಬರೆದ ಹಾಳೆ ಅಲ್ಲ!” ಗುಬ್ಬಿ ಹಾಳೆಯನ್ನು ನಮ್ಮತ್ತ ಚಾಚಿದಳು. “ನಾನು ‘ಹೌದು’ ಅಂತ ಗುರುತು ಹಾಕಿದ್ದೆ. ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ‘ಪೆನಿಸಿಲಿನ್’ ಅಂತ ಬರೆದಿದ್ದೆ.”

ಬೆಳಗ್ಗೆ ಹತ್ತೂಮುಕ್ಕಾಲು. ಹನ್ನೊಂದನೇ ಹಾಸಿಗೆಯ ಹೊಲಿಗೆ ಕೆಲಸದ ಹೆಂಗಸನ್ನು ಆಗಷ್ಟೇ ಸಾವಿನ ದವಡೆಯಿಂದ ಎಳೆದು ತಂದಿದ್ದೆವು. ಒಂಬತ್ತೂವರೆಗೆ ಪೆನಿಸಿಲಿನ್ ಇಂಜೆಕ್ಷನ್. ಹತ್ತೇ ನಿಮಿಷದಲ್ಲಿ ಮುಖ ಊದಿ, ಉಸಿರು ಕಟ್ಟಿ, ನಾಡಿಯೇ ಸಿಗದಂತಾಗಿತ್ತು.

ಬೇರೆಲ್ಲೂ ಸೇರಿಸಿಕೊಳ್ಳದವರು ಕಡೆಗೆ ಬಂದು ಸೇರುವ ಆಸ್ಪತ್ರೆ ನಮ್ಮದು. ವಾರ್ಡಿನಲ್ಲಿ ದುಡಿಯುತ್ತಲೇ ಮೇಲಿನ ಓದು ಓದುವ, ಎರಡನೇ ವರ್ಷದ ರೆಸಿಡೆಂಟ್ ಡಾಕ್ಟರ್ ನಾನು. ಗುಬ್ಬಿ ಮೊದಲ ವರ್ಷದವಳು. ಆಳು ಚಿಕ್ಕದು, ನಡೆಯುವುದೆಲ್ಲ ಕುಪ್ಪಳಿಸಿಯೇ, ಅದಕ್ಕೇ ಆ ಹೆಸರು. ನಮ್ಮ ಎಂಟು ಜನಕ್ಕೆ ಕೆಲಸ ಕಲಿಸುತ್ತ, ಬೈಯುತ್ತ, ಮುಂದೆ ನಿಂತು ನಡೆಸುತ್ತಿದ್ದವರು ಕೊನೆಯ ವರ್ಷದ ಹಿರಿಯ ರೆಸಿಡೆಂಟ್. ಅವರನ್ನು ಎಲ್ಲರೂ ‘ಚೀಫ್’ ಎನ್ನುತ್ತಿದ್ದರು.

ಚೀಫ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಇಣುಕಿದೆ. ನಿನ್ನೆ ಸಂಜೆ ನಾಲ್ಕೂ ಇಪ್ಪತ್ತು. ಸ್ಥಳ: ೧೧. ಜ್ವರ, ಕಾಲಿನ ಹುಣ್ಣು. ಮಿಕ್ಕಿದ್ದೆಲ್ಲ ಅಚ್ಚಾದ ಚೌಕಗಳು, ಗುರುತುಗಳು. ಅಕ್ಷರ ನೋಡಿ ಹಿಡಿಯೋಣವೆಂದರೆ ಇದ್ದದ್ದೇ ಮೂರ್ನಾಲ್ಕು ಪದ. ಗುಬ್ಬಿಯ ಸಹಿಯೋ, ಯಾರು ಬೇಕಾದರೂ ಗೀಚಬಹುದಾದದ್ದು.

“ಆಯಾಸದಲ್ಲಿ ಗುರುತು ತಪ್ಪಿರಬಹುದಲ್ವಾ?” ಎಂದುಬಿಟ್ಟೆ.

ಗುಬ್ಬಿ ನನ್ನನ್ನು ನೋಡಿದಳು. ಆ ನೋಟಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಸೂಪರಿಂಟೆಂಡೆಂಟರಿಂದ ಕರೆ ಬಂತು. ಅವರ ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು: ಕಿರಿಯ ವೈದ್ಯೆಯ ನಿರ್ಲಕ್ಷ್ಯ, ತಕ್ಷಣ ಅಮಾನತು. ಪಕ್ಕದ ಕುರ್ಚಿಯಲ್ಲಿ ಯೂನಿಟ್ ಮುಖ್ಯಸ್ಥರು. ಇಂಜೆಕ್ಷನ್ ಬರೆದುಕೊಟ್ಟವರು ಅವರೇ.

“ಹಿರಿಯ ರೆಸಿಡೆಂಟ್ ಸಹಿ ಬೇಕು. ಹಾಕಮ್ಮ,” ಎಂದರು ಸೂಪರಿಂಟೆಂಡೆಂಟರು.

“ಹಾಕಲ್ಲ ಸಾರ್.”

“ಏನಂದೆ?”

“ಅವಳಿಗೆ ಕಲಿಸಿದವಳು ನಾನು. ರೋಗಿ ಸೇರಿದ ತಕ್ಷಣ ಮೊದಲು ತುಂಬೋದು ಅಲರ್ಜಿ ಸಾಲು ಅಂತ ತಲೆಗೆ ಕುಟ್ಟಿ ಕುಟ್ಟಿ ಹೇಳಿದ್ದೀನಿ. ವಿಚಾರಣೆ ಇಲ್ಲದೆ ಸಹಿ ಹಾಕಲ್ಲ.”

ಮುಖ್ಯಸ್ಥರು ಮೆಲ್ಲಗೆ ನಕ್ಕರು. “ಎರಡು ತಿಂಗಳಲ್ಲಿ ನಿನ್ನ ಫೈನಲ್ ಪರೀಕ್ಷೆ. ಪರೀಕ್ಷಕ ಯಾರು ಅಂತ ನೆನಪಿದೆ ತಾನೇ?”

“ಇದೆ ಸಾರ್. ಅದಕ್ಕೇ ಈಗಲೇ ಚೆನ್ನಾಗಿ ಓದ್ಕೋತೀನಿ.”

ಮೂರು ಗಂಟೆಗೆ ವಿಚಾರಣೆಯ ಸಭೆ ಎಂದು ತೀರ್ಮಾನವಾಯಿತು. ನಮ್ಮ ಕೈಯಲ್ಲಿದ್ದದ್ದು ನಾಲ್ಕು ಗಂಟೆಗೂ ಕಮ್ಮಿ. ವಾರ್ಡ್ ಬಾಗಿಲಲ್ಲಿ ಹೊಲಿಗೆಯವಳ ನಾದಿನಿ ತಡೆದು ನಿಂತಳು.

“ಆ ಪುಟ್ಟ ಡಾಕ್ಟರಮ್ಮನಿಗೆ ನಾನೇ ಹೇಳಿದ್ದೆ ಮೇಡಂ, ನಮ್ಮತ್ತಿಗೆಗೆ ಆ ಮದ್ದು ಒಂದು ಹನಿನೂ ಆಗಲ್ಲ ಅಂತ. ಆಫೀಸಲ್ಲಿ ಹೇಳಿದ್ರೆ ‘ನಿನ್ನ ಮಾತಿಗೆ ಸಾಕ್ಷಿ ಏನು’ ಅಂತಾರೆ!”

“ಬರೆದುಕೊಂಡಿದ್ದನ್ನ ನೋಡಿದ್ರಾ?”

“ಕೆಂಪಗೆ ಏನೋ ಬರೆದರು. ಓದೋಕೆ ಬರಲ್ಲ ನಂಗೆ.”

ಚೀಫ್ ಹಿರಿಯ ಸಿಸ್ಟರನ್ನು ಮೂಲೆಗೆ ಕರೆದರು.

“ಇಂಜೆಕ್ಷನ್ ಕೊಟ್ಟಿದ್ದು ಯಾರು?”

“ನಮ್ಮ ಹೊಸ ನರ್ಸು. ನೀವು ಎಮರ್ಜೆನ್ಸಿಯಲ್ಲಿದ್ರಿ. ಗುಬ್ಬಿ ರಕ್ತದ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಹೋಗಿದ್ಳು. ರೌಂಡ್ಸಿಗೆ ಮುಖ್ಯಸ್ಥರೊಬ್ಬರೇ. ‘ಫೈಲ್ ನೋಡ್ಲಾ ಸಾರ್’ ಅಂದೆ. ‘ನಾನು ನೋಡಿದ್ದೀನಿ, ಹಾಕಿ’ ಅಂದ್ರು.”

“ನಿಮ್ಮ ನರ್ಸ್ ಹುಡುಗೀನ ಉಳಿಸೋಕೆ ನೀವೇ ಹಾಳೆ ಬದಲಾಯಿಸಿರಬಹುದಲ್ವಾ?”

ಸಿಸ್ಟರ್ ಮುಖ ಕೆಂಪಾಯಿತು. “ಇಪ್ಪತ್ತೆರಡು ವರ್ಷ ಆಯ್ತು ಈ ವಾರ್ಡಲ್ಲಿ! ಆಗ ನಾನು ಇವಳನ್ನ ಉಳಿಸೋಕೆ ಸಿರಿಂಜಿಗೆ ಅಡ್ರಿನಾಲಿನ್ ಎಳೀತಿದ್ದೆ. ಫೈಲ್ ಯಾರು ನೋಡ್ತಾರೆ? ಬೆಳಗ್ಗೆ ಎಂಟು ಗಂಟೆಗೆ ಹನ್ನೊಂದನೇ ಹಾಸಿಗೆಯ ತರಕಾರಿ ಅಜ್ಜಿ ಮನೆಗೆ ಹೋದ್ರು. ಇವಳನ್ನ ಅಲ್ಲಿಗೆ ಹಾಕಿ, ಫೈಲ್ ಮೇಲೆ ‘೧೧’ ಅಂತ ಬರೆದೆ. ನಾನು ಫೈಲ್ ಮುಟ್ಟಿದ್ದು ಅಷ್ಟೇ.”

ಚೀಫ್ ಕಣ್ಣು ಕಿರಿದಾಯಿತು. ಮೆಟ್ಟಿಲತ್ತ ನಡೆದರು.

ದಾಖಲೆ ಗುಮಾಸ್ತರ ಕೋಣೆ ನೆಲಮಾಳಿಗೆಯಲ್ಲಿ. ಅವರ ನಿವೃತ್ತಿಗೆ ಎರಡೇ ವರ್ಷ. ಹಿಂದಿನ ವಾರವಷ್ಟೇ ಒಂದು ಎಕ್ಸ್‌ರೇ ಕಳೆದದ್ದಕ್ಕೆ ಗುಬ್ಬಿಗೂ ಅವರಿಗೂ ಹಾರಾಟ ಕೂಗಾಟ ಆಗಿತ್ತು. ಖಾಲಿ ನಮೂನೆಗಳ ಕಟ್ಟೂ ಅವರ ಬಳಿಯೇ ಇರುತ್ತಿತ್ತು.

“ಫೈಲ್ ತರೋಕೆ ವಾರ್ಡಿಗೆ ಬಂದಿದ್ರಾ?”

“ಹತ್ತೂಕಾಲಿಗೆ. ಸೂಪರಿಂಟೆಂಡೆಂಟರು ತರಿಸಿ, ನೋಡಿ, ವಾರ್ಡಿಗೆ ವಾಪಸ್ ಕಳಿಸಿದ್ರು.”

“ಟ್ರಾಲಿ ಮೇಲಿತ್ತಾ?”

“ಇಲ್ಲ... ಡಾಕ್ಟರ ಕೋಣೆಯಲ್ಲಿ.”

“ಯಾರಿದ್ರು ಅಲ್ಲಿ?”

ಗುಮಾಸ್ತರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. “ನೆನಪಿಲ್ಲಮ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

“ಆಯ್ತು. ದಿನಾ ಸಂಜೆ ಐದಕ್ಕೆ ವಾರ್ಡಿನ ತಲೆ ಎಣಿಸಿ ಬರೀತೀರಲ್ಲ, ಆ ಪುಸ್ತಕ ಕೊಡಿ.”

ನಿನ್ನೆಯ ಪುಟದ ಮೇಲೆ ಚೀಫ್ ಬೆರಳು ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. “ಇದನ್ನ ಸಭೆಗೆ ತಗೊಂಡು ಬನ್ನಿ,” ಎಂದರು. ನನಗೆ ಇನ್ನೂ ಏನೂ ಹೊಳೆದಿರಲಿಲ್ಲ.

ಮೂರು ಗಂಟೆ. ಸೂಪರಿಂಟೆಂಡೆಂಟರು, ಮುಖ್ಯಸ್ಥರು, ಸಿಸ್ಟರ್, ಗುಮಾಸ್ತರು, ಗುಬ್ಬಿ, ನಾನು. ಬಾಗಿಲ ಬಳಿ ವಾರ್ಡಿನ ಆಯಾ.

ಚೀಫ್ ಒಂದು ಚೀಟಿಯ ಮೇಲೆ ಏನೋ ಬರೆದು ಮುಖ್ಯಸ್ಥರ ಮುಂದಿಟ್ಟರು.

“ಸಾರ್, ಒಂದೇ ಪ್ರಶ್ನೆ. ಹೀಗಂದ್ರೇನು?”

ಚೀಟಿಯಲ್ಲಿದ್ದದ್ದು ಇಷ್ಟೇ: ‘ನೆ–೩’.

“ಇದೇನು, ನನಗೇ ಪರೀಕ್ಷೆನಾ?” ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. “ನೆಗೆಟಿವ್ ಇರಬೇಕು. ಯಾವುದೋ ಲ್ಯಾಬ್ ರಿಪೋರ್ಟು.”

ಆಯಾ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಬಿತ್ತು.

“ನೀವೇ ಹೇಳಿ ಆಯಾ,” ಎಂದರು ಚೀಫ್.

“ನೆಲ ಮೂರು ಕಣಮ್ಮ. ಮೂವತ್ತು ಮಂಚ, ನಲವತ್ನಾಲ್ಕು ಜನ. ಮಂಚ ಸಿಗದವರಿಗೆಲ್ಲ ನೆಲದ ಮೇಲೆ ಚಾಪೆ. ಚಾಪೆಗೂ ನಂಬರ್ ಇದೆಯಲ್ಲ!”

ಚೀಫ್ ಗುಮಾಸ್ತರ ಪುಸ್ತಕ ತೆರೆದರು. “ನಿನ್ನೆ ಸಂಜೆ ಐದು. ಹನ್ನೊಂದು, ತರಕಾರಿ ಮಾರುವ ಅಜ್ಜಿ. ನೆ–೩, ಹೊಲಿಗೆ ಕೆಲಸದಾಕೆ. ಮಂಚ ಸಿಕ್ಕಿದ್ದು ಇವತ್ತು ಬೆಳಗ್ಗೆ ಎಂಟಕ್ಕೆ. ಹಾಗಿದ್ರೆ ನಿನ್ನೆ ನಾಲ್ಕೂ ಇಪ್ಪತ್ತಕ್ಕೆ ಬರೆದ ಹಾಳೆಯಲ್ಲಿ ‘೧೧’ ಹೇಗೆ ಬಂತು? ಈ ಹಾಳೆ ಹುಟ್ಟಿದ್ದು ಇವತ್ತು ಬೆಳಗ್ಗೆ.”

ಆ ‘೧೧’ನ್ನು ನಾನೂ ಓದಿದ್ದೆನಲ್ಲ! ಓದಿಯೂ ನೋಡಿರಲಿಲ್ಲ.

“ಸಿಸ್ಟರಿಗೆ ನೆಲ ಮೂರು ಗೊತ್ತು, ಎತ್ತಿ ಮಂಚಕ್ಕೆ ಹಾಕಿದ್ದೇ ಅವರು. ಗುಮಾಸ್ತರಿಗೆ ಗೊತ್ತು, ಎಣಿಸಿ ಬರೆದಿದ್ದೇ ಅವರು. ಅವರಿಬ್ಬರಲ್ಲಿ ಯಾರು ನಕಲು ಮಾಡಿದ್ರೂ ‘ನೆ–೩’ ಅಂತಲೇ ಇಳಿಸ್ತಿದ್ರು. ಹಳೇ ಹಾಳೆಯಿಂದ ದಿನ, ಗಂಟೆ, ಜ್ವರ, ಹುಣ್ಣು ಎಲ್ಲ ಸರಿಯಾಗಿ ಇಳಿಸಿದವರು ಅದೊಂದು ಜಾಗದಲ್ಲಿ ತಡವರಿಸಿದ್ದಾರೆ. ಅರ್ಥ ಆಗದ್ದನ್ನ ಬಿಟ್ಟು, ಫೈಲ್ ಮೇಲಿದ್ದ ‘೧೧’ ಬರೆದಿದ್ದಾರೆ. ನಮ್ಮ ವಾರ್ಡಿನಲ್ಲಿ ‘ನೆ’ ಅಂದ್ರೇನು ಅಂತ ಗೊತ್ತಿಲ್ಲದವರು ಒಬ್ಬರೇ. ನೀವು, ಸಾರ್.”

“ಬಾಯಿ ಮುಚ್ಚು! ನಾನು ಆ ಹಾಳೆಯ ತಂಟೆಗೇ ಹೋಗಿಲ್ಲ! ಕಸದ ಬುಟ್ಟಿಯಲ್ಲಿ ಹುಡುಕಿಸು ಬೇಕಾದ್ರೆ!”

“ಬುಟ್ಟಿ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ ಸಾರ್?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದನ್ನು ಕಣ್ಣಾರೆ ಕಂಡೆ.

ಆಗ ಗುಮಾಸ್ತರು ಎದ್ದು ನಿಂತರು. ಮುಖ್ಯಸ್ಥರತ್ತ ಕೈ ತೋರಿಸಿದರು. “ಡಾಕ್ಟರ ಕೋಣೆಯಲ್ಲಿ ಇವರೊಬ್ಬರೇ ಇದ್ರು. ಈ ಹುಡುಗಿಯ ಸೀಲೂ ಕೆಲವು ಖಾಲಿ ನಮೂನೆಗಳೂ ಅದೇ ಮೇಜಿನ ಮೇಲಿದ್ದವು. ನಾನು ಒಳಗೆ ಹೋದಾಗ ಒಂದು ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡ್ರು. ಕೆಂಪು ಅಕ್ಷರ ಹೊರಗೆ ಕಾಣ್ತಿತ್ತು.”

ಮುಖ್ಯಸ್ಥರ ಕೈ ತಾನಾಗಿಯೇ ಕೋಟಿನ ಜೇಬಿನ ಮೇಲೆ ಹೋಯಿತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದೆವು.

“ಫೈಲ್ ತೆರೆಯದೆ ಔಷಧ ಬರೆದಿದ್ದು ತಪ್ಪು,” ಎಂದರು ಚೀಫ್. “ತಪ್ಪು ನಮ್ಮೆಲ್ಲರಿಂದಲೂ ಆಗುತ್ತೆ. ಒಪ್ಪಿಕೊಂಡಿದ್ರೆ ನಾನೇ ನಿಮ್ಮ ಪಕ್ಕ ನಿಲ್ತಿದ್ದೆ. ಹಾಳೆ ಬದಲಾಯಿಸಿದ್ದು ತಪ್ಪಲ್ಲ, ಅಪರಾಧ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಆಟ ನನ್ನ ವಾರ್ಡಿನಲ್ಲಿ ನಡೆಯಲ್ಲ.”

ಸೂಪರಿಂಟೆಂಡೆಂಟರು ಬೆವರು ಒರೆಸಿಕೊಂಡರು. ಅಮಾನತು ಪತ್ರವನ್ನು ಎರಡಾಗಿ ಹರಿದರು. ಮುಖ್ಯಸ್ಥರು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಗುಬ್ಬಿ ಅತ್ತಳು. ನಾನು ಅವಳ ಕ್ಷಮೆ ಕೇಳಿದೆ. “ನೋಡೋಣ” ಎಂದಳು, ಅಷ್ಟೇ.

“ಕ್ರಮ ತಗೋತೀನಿ,” ಎಂದರು ಸೂಪರಿಂಟೆಂಡೆಂಟರು. “ಆದರೆ ಈ ವಿಷಯ ಈ ಗೋಡೆ ದಾಟೋದು ಬೇಡಮ್ಮ. ನಿನ್ನ ಪರೀಕ್ಷೆಗೂ ಒಳ್ಳೇದು.”

ಚೀಫ್ ನೇರ ವಾರ್ಡಿಗೆ ನಡೆದರು. ಸೂಪರಿಂಟೆಂಡೆಂಟರು ಹಿಂದೆಯೇ ಓಡಿಬಂದರು. ಹೊಲಿಗೆಯವಳು ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ನಾದಿನಿ.

“ನಿಮಗೆ ಆಗದ ಮದ್ದನ್ನ ಫೈಲ್ ನೋಡದೆ ಬರೆದವರು ನಮ್ಮ ಯೂನಿಟ್ ಮುಖ್ಯಸ್ಥರು,” ಎಂದರು ಚೀಫ್, ವಾರ್ಡಿಗೆಲ್ಲ ಕೇಳುವಂತೆ. “ಅದನ್ನ ಮುಚ್ಚೋಕೆ ಹಾಳೆ ಬದಲಾಯಿಸಿದವರೂ ಅವರೇ. ನೀವು ದೂರು ಕೊಡಬಹುದು. ಬರೆಯೋಕೆ ಬರಲ್ಲ ಅಂದ್ರೆ ನಾನು ಬರೆದುಕೊಡ್ತೀನಿ.”

“ಇವರಿಗೆಲ್ಲ ಯಾಕಮ್ಮ ಹೇಳ್ತೀಯಾ?” ಸೂಪರಿಂಟೆಂಡೆಂಟರು ಪಿಸುಗುಟ್ಟಿದರು.

“ಮದ್ದು ಹೋಗಿದ್ದು ಇವರ ಮೈಯೊಳಗೆ ಸಾರ್,” ಎಂದು ಚೀಫ್ ಜೇಬಿನಿಂದ ಪೆನ್ನು ತೆಗೆದರು. “ಇನ್ಯಾರಿಗೆ ಹೇಳಲಿ?”