ಎರಡನೇ ಕಣ್ಣು

ಅವನು ಟ್ರೇಯನ್ನು ನನ್ನ ಕಡೆ ತಳ್ಳಿದ. ನಾನು ಟ್ರೇ ನೋಡಬೇಕಿತ್ತು, ಅವನನ್ನು ನೋಡಿದೆ.

ನಮ್ಮ ಮೆಡಿಕಲ್ ಶಾಪಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಒಬ್ಬರು ಶೆಲ್ಫಿನಿಂದ ತೆಗೆದ ಮಾತ್ರೆಯನ್ನು ಇನ್ನೊಬ್ಬರು ಡಾಕ್ಟರ ಚೀಟಿಯ ಜೊತೆ ಹೋಲಿಸಿ ನೋಡಿ, ಆಮೇಲೆಯೇ ಗಿರಾಕಿಯ ಕೈಗೆ ಕೊಡಬೇಕು. ಮೇಡಂ ಅದಕ್ಕೆ 'ಎರಡನೇ ಕಣ್ಣು' ಅಂತ ಹೆಸರಿಟ್ಟಿದ್ದಾರೆ. ಅಂಗಡಿ ಅವರದು, ದೊಡ್ಡ ಬಾಯಿಯೂ ಅವರದೇ. ಅವನು ತೆಗೆಯುವವನು, ನಾನು ನೋಡುವವಳು.

"ಏನೇ ಹಾಗೆ ನೋಡ್ತೀಯ? ನನ್ನ ಮುಖದ ಮೇಲೆ ಎಕ್ಸ್‌ಪೈರಿ ಡೇಟ್ ಏನಾದ್ರೂ ಇದ್ಯಾ?" ಅಂದ, ತುಟಿಯಂಚಿನಲ್ಲೇ ನಗುತ್ತ.

"ಅದು ಯಾವತ್ತೋ ಮುಗಿದುಹೋಗಿದೆ. ಕಂಪನಿಗೆ ವಾಪಸ್ ಕಳಿಸ್ಬೇಕು."

"ಕಳಿಸು ನೋಡೋಣ."

ಹಾಳಾದ ನಗು! ನನ್ನ ಕಿವಿಯೆಲ್ಲ ಬಿಸಿಯಾಯಿತು. ಕೈ ತನ್ನ ಪಾಡಿಗೆ ತಾನು ಮಾತ್ರೆಯನ್ನು ಕವರಿಗೆ ಹಾಕಿ ಡ್ರೈವರ್ ಅಂಕಲ್‌ಗೆ ಕೊಟ್ಟುಬಿಟ್ಟಿತು. ಅವರು ರಿಟೈರಾದ ಬಸ್ ಡ್ರೈವರ್. ಹಿಂದಿನ ಬೀದಿಯಲ್ಲೇ ಮನೆ, ಒಂಟಿ ಜೀವ. ಬಿಪಿ ಮಾತ್ರೆಗೆ ನಮ್ಮಲ್ಲಿಗೇ ಬರುತ್ತಾರೆ. "ಬೇಗ ಮದುವೆ ಊಟ ಹಾಕಿಸ್ರಪ್ಪಾ," ಎಂದು ನಮ್ಮಿಬ್ಬರನ್ನೂ ರೇಗಿಸಿ ಹೋದರು.

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಶುಗರ್ ಮಾತ್ರೆ ಕೇಳಿದರು. ಡಬ್ಬಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಬಿಪಿ ಮಾತ್ರೆಗೂ ಶುಗರ್ ಮಾತ್ರೆಗೂ ಒಂದೇ ಕಂಪನಿ, ಒಂದೇ ಹಸಿರು ಪಟ್ಟಿ.

"ಅಂಕಲ್‌ಗೆ ಈ ಡಬ್ಬಿಯಿಂದಲೇ ತೆಗೆದೆ ಕಣೇ," ಅಂದ. "ನೀನು ನೋಡಿ ಬದಲಾಯಿಸಿದೆ ತಾನೆ? ಹೇಳೇ."

ನಾನು ಆ ಮಾತ್ರೆಯನ್ನು ನೋಡಿಯೇ ಇರಲಿಲ್ಲ. ಶುಗರ್ ಇಲ್ಲದವರು ಅದನ್ನು ನುಂಗಿದರೆ ರಕ್ತದ ಸಕ್ಕರೆ ತೀರಾ ಇಳಿದು ಪ್ರಾಣಕ್ಕೇ ಕುತ್ತು. ಫೋನ್ ಮಾಡಿದೆವು, ಅಂಕಲ್ ಎತ್ತಲಿಲ್ಲ. ಕಾರಣ ಹೇಳಲೂ ನಿಲ್ಲದೆ ಅಂಗಡಿಯನ್ನು ಮೇಡಂಗೆ ಬಿಟ್ಟು ಇಬ್ಬರೂ ಓಡಿದೆವು.

ಅಂಕಲ್ ಕುರ್ಚಿಯಲ್ಲಿ ಒರಗಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು, ಕೈ ನಡುಗುತ್ತಿತ್ತು. "ಕಣ್ಣು ಕತ್ತಲೆ ಬರ್ತಿದೆಯಮ್ಮಾ," ಅಂದರು. ಅವನು ನೀರಿಗೆ ಸಕ್ಕರೆ ಸುರಿದು ಕಲಸಿದ, ನಾನು ಗುಟುಕು ಗುಟುಕಾಗಿ ಕುಡಿಸಿದೆ. ಸಿಕ್ಕಿದ ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸಂಜೆ ಡಾಕ್ಟರು, ಗಂಡಾಂತರ ಕಳೆಯಿತು, ಆದರೂ ಇವತ್ತು ಇಲ್ಲೇ ಇರಲಿ ಎಂದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು.

"ತಪ್ಪೆಲ್ಲ ನಂದೇ ಅಂತ ಮೇಡಂಗೆ ಹೇಳ್ತೀನಿ. ನೀನು ಬಾಯಿ ಬಿಡಬೇಡ," ಅಂದ.

"ಹೀರೋ ಆಗೋಕೆ ಬರಬೇಡ. ನಿನ್ನ ಕೈ ತಪ್ಪಬಹುದು ಅಂತಲೇ ಅಲ್ವಾ ನನ್ನ ಅಲ್ಲಿ ನಿಲ್ಲಿಸಿರೋದು?"

ಇಬ್ಬರೂ ಒಟ್ಟಿಗೇ ಹೋಗಿ ಹೇಳಿದೆವು. ಮೇಡಂ ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿ ಇತ್ತು. ಕೊನೆಗೆ ನಾನೇ ಅಂದೆ, "ಇನ್ಮೇಲೆ ನಮ್ಮಿಬ್ಬರನ್ನ ಒಂದೇ ಕೌಂಟರ್‌ಗೆ ಹಾಕಬೇಡಿ ಮೇಡಂ." ಪಕ್ಕದಲ್ಲಿ ಅವನ ಮುಖ ಸಪ್ಪಗಾದದ್ದು ನೋಡದೆಯೂ ಗೊತ್ತಾಯಿತು.

ಹೊರಗೆ ಬಂದ ಮೇಲೆ ಕೇಳಿದ, "ನನ್ನ ಮುಖ ನೋಡೋದೂ ಬೇಡ ಅನ್ನಿಸಿಬಿಡ್ತಾ?"

"ಅಯ್ಯೋ ಪೆದ್ದಾ, ನೋಡಿ ನೋಡಿಯೇ ಅಲ್ವಾ ಹೀಗಾಗಿದ್ದು! ನೀನು ಕೊಟ್ಟಿದ್ದು ಅಂದ್ರೆ ಸರಿಯಾಗೇ ಇರುತ್ತೆ ಅಂತ ನನ್ನ ಮನಸ್ಸು ಮೊದಲೇ ಹೇಳಿಬಿಡುತ್ತೆ. ನೀನಂದ್ರೆ ಇಷ್ಟ ಕಣೋ, ಸಿಕ್ಕಾಪಟ್ಟೆ ಇಷ್ಟ. ಅಂಥವಳು ನಿನ್ನ ಕೆಲಸ ಚೆಕ್ ಮಾಡಬಾರದು."

ಅವನ ಕಣ್ಣು ತುಂಬಿತು. "ಇದನ್ನ ಹೇಳೋಕೆ ಇಂಥ ದಿನಾನೇ ಬೇಕಿತ್ತಾ ನಿಂಗೆ? ನಾನೂ ಹೇಳ್ಬೇಕು ಅಂತಿದ್ದೆ. ಈಗ ನಾಲಿಗೆ ಏಳ್ತಿಲ್ಲ."

"ಅಂಕಲ್ ಮನೆಗೆ ಬರಲಿ. ಆಮೇಲೆ ಹೇಳು."

ಅಂಕಲ್ ಮನೆಗೆ ಬಂದರು, ಅಂಗಡಿಗೂ ಬಂದರು. ಕವರ್ ಕೊಟ್ಟರೆ ಜೇಬಿಗೆ ಹಾಕಿಕೊಳ್ಳಲಿಲ್ಲ. ಸ್ಟ್ರಿಪ್ ಹೊರತೆಗೆದು, ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದರು. "ಕೋಪ ಇಲ್ಲಮ್ಮಾ. ಭಯ, ಅಷ್ಟೇ," ಅಂದರು. ಆವತ್ತು ಯಾರೂ ನಮ್ಮನ್ನು ರೇಗಿಸಲಿಲ್ಲ.

ಊರಿನ ಆ ತುದಿಯಲ್ಲಿ ಮೇಡಂ ಅವರದೇ ಇನ್ನೊಂದು ಅಂಗಡಿ ಇದೆ. ಅವನನ್ನು ಅಲ್ಲಿಗೆ ಹಾಕಿದರು. ಹೊರಡುವ ದಿನ ಬಾಗಿಲ ಹತ್ತಿರ ನನ್ನ ಬೆರಳು ಹಿಡಿದುಕೊಂಡು, ಅಷ್ಟು ದಿನ ಬಾಕಿ ಉಳಿಸಿಕೊಂಡಿದ್ದ ಮಾತನ್ನು ಹೇಳಿದ. ತಡವರಿಸುತ್ತ, ನೆಲ ನೋಡುತ್ತ, ಒಂದು ಸಲವೂ ನಗದೆ.

"ಅಲ್ಲಿ ನಿನ್ನ ಟ್ರೇ ಯಾರು ನೋಡ್ತಾರೆ?" ಕೇಳಿದೆ.

"ಒಬ್ಬಳು ಹೊಸಬಳು ಇದ್ದಾಳಂತೆ."

ಅವನು ರಸ್ತೆ ದಾಟಿ ಮರೆಯಾಗುವವರೆಗೂ ನೋಡುತ್ತ ನಿಂತೆ. ದೇವರೇ, ಆ ಹುಡುಗಿಗೆ ಇವನು ಒಂಚೂರೂ ಇಷ್ಟವಾಗದಿರಲಿ ಎಂದು ಬೇಡಿಕೊಂಡೆ. ಗಿರಾಕಿಗಳಿಗೋಸ್ಕರವೂ ಬೇಡಿಕೊಂಡೆ, ನನಗೋಸ್ಕರವೂ ಬೇಡಿಕೊಂಡೆ.